ಅದೇ ನೀರು, ಅಷ್ಟೇ ಹೊತ್ತು

ಅಂಬಣ್ಣ ಊರಿಗೆ ತಿರುಗಿ ಬಂದ ದಿನ ನಾನು ಕುರಿದೊಡ್ಡಿಯಲ್ಲಿ ಹಿಕ್ಕೆ ಗುಡಿಸುತ್ತಿದ್ದೆ. ಅವನನ್ನು ಕಂಡವಳೇ ಪೊರಕೆ ಬಿಸಾಕಿ ಕೈಗೆ ಕಲ್ಲು ತೆಗೆದುಕೊಂಡೆ. ಕಲ್ಲು ಅವನ ಮೊಣಕಾಲಿಗೆ ಬಿತ್ತು. ಅವನು ಬೈಯಲಿಲ್ಲ. ಹೆಗಲ ಮೇಲಿನ ಕಂಬಳಿ ಸರಿ ಮಾಡಿಕೊಂಡು ಮುಂದೆ ನಡೆದ.

"ನಮ್ಮಣ್ಣನ್ನ ತಿಂದವ್ನ, ಯಾವ ಮಾರಿ ಹೊತ್ಕೊಂಡು ಬಂದೀದಿ?" ಎಂದು ಕೂಗಿದೆ.

"ಇದ ಮಾರಿ," ಎಂದ, ತಿರುಗಿ ನೋಡದೆ. "ಚಾವಡಿಗಿ ಬಾ ದುರಗಮ್ಮ. ನಿಮ್ಮವ್ವನ್ನೂ ಕರ್ಕೊಂಡು ಬಾ. ಅಲ್ಲೇ ಮಾತಾಡೂಣು."

ಹಿಂದುಸ್ತಾನದ ಫೌಜು ಬಂದು, ನಿಜಾಮರ ಆಳ್ವಿಕೆ ಮುಗಿದು, ಒಂದು ವರ್ಷ ದಾಟಿತ್ತು. ಸುರಪುರದ ಕಚೇರಿಯ ಮೇಲೆ ಬೇರೆ ಬಾವುಟ ಹಾರುತ್ತಿತ್ತು. ಆದರೆ ಊರೊಳಗಿನ ತಂಟೆಗಳು ಮೊದಲಿನ ಹಾಗೆಯೇ ಮಾಲಿಪಾಟೀಲ ಸಂಗಣ್ಣನ ಚಾವಡಿಯಲ್ಲಿ ತೀರುತ್ತಿದ್ದವು. ನಮ್ಮ ಊರು ಬೋನಾಳದ ಕೆರೆಯ ಬಡಗಣ ದಂಡೆಗೆ. ಕೆರೆ ಎಷ್ಟು ದೊಡ್ಡದೆಂದರೆ ಈಚೆ ನಿಂತವರಿಗೆ ಆಚೆ ದಂಡೆಯ ಎಮ್ಮೆ ಇರುವೆಯಷ್ಟು ಕಾಣುತ್ತದೆ.

ನನ್ನ ಅಣ್ಣ ಬಸವಂತರಾಯ ಸತ್ತದ್ದು ಅಂಬಣ್ಣ ಹೀಗೆ ತಿರುಗಿ ಬರುವ ಎರಡು ವರ್ಷ ಹಿಂದೆ, ಸಂಕ್ರಾಂತಿಗೆ ನಾಲ್ಕು ದಿನ ಮೊದಲು. ಆಗ ಕೆರೆಯ ಕಟ್ಟೆಯ ಮೇಲೆ ರಜಾಕಾರರ ನಾಕಾ ಇತ್ತು. ಗಡಿಯಾಚೆ ಮುಂಬಯಿ ಸೀಮೆಯಲ್ಲಿ ಕ್ಯಾಂಪು ಹಾಕಿದ್ದ ನಮ್ಮ ಕಡೆಯ ಹುಡುಗರಿಗೆ ಚೀಟಿಗಳು ಹೋಗಬೇಕಾಗಿದ್ದವು. ಕಟ್ಟೆಯ ಮೇಲೆ ಹೋದರೆ ಮೈಯೆಲ್ಲ ತಡಕಿ ಜಡತಿ ಮಾಡುತ್ತಿದ್ದರು. ಹಾಗಾಗಿ ಚೀಟಿಗಳನ್ನು ಮೇಣಬಟ್ಟೆಯಲ್ಲಿ ಸುತ್ತಿ, ತಲೆಗೆ ರುಮಾಲಿನೊಳಗೆ ಕಟ್ಟಿಕೊಂಡು, ನಸುಕಿನಲ್ಲಿ ಕೆರೆಯನ್ನೇ ಈಸಿ ದಾಟುವುದೆಂದು ಅಣ್ಣ ಮತ್ತು ಅಂಬಣ್ಣ ಮಾತಾಡಿಕೊಂಡರು. ನಮ್ಮ ಮನೆಗೂ ಅಂಬಣ್ಣನ ಮನೆಗೂ ಸರಿ ಇರಲಿಲ್ಲ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಬಿಡುವ ಕೆರೆಯಂಗಳದ ತುಂಡು ಭೂಮಿಗಾಗಿ ಅಪ್ಪಂದಿರ ಕಾಲದಿಂದ ಬಡಿದಾಟ. ಆದರೆ ಅಷ್ಟು ದೂರ ಈಸಬಲ್ಲವರು ಊರಿಗೆ ಇಬ್ಬರೇ ಇದ್ದರು. ಕುರಿ ತೊಳೆಯುವ ದಿನ ಹೋತಗಳ ಹಿಂದೆ ನಡುಗೆರೆಯ ತನಕ ಹೋಗಿ ಬರುವವರು ಇವರೇ.

ಇಬ್ಬರೂ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಇಳಿದರು. ಅರ್ಧ ದಾರಿ ಹೋಗುವಷ್ಟರಲ್ಲಿ ರಜಾಕಾರರ ಕುದುರೆಯವರು ನೀರು ಕುಡಿಸಲು ಎರಡೂ ದಂಡೆಗೆ ಇಳಿದರಂತೆ. ಇಳಿದವರು ಅಲ್ಲೇ ಒಲೆ ಹೂಡಿ ಚಹಾ ಕಾಸಿ ಕುಡಿದು, ಕುದುರೆ ಮೈ ತಿಕ್ಕಿ, ಹೊತ್ತು ಏರುವ ತನಕ ಕದಲಲಿಲ್ಲ. ಇವರಿಬ್ಬರೂ ನಡುಗೆರೆಯ ಜೊಂಡಿನೊಳಗೆ, ನೆಲ ಸಿಗದ ನೀರಿನಲ್ಲಿ, ಕೊರಳ ಮಟ ಮುಳುಗಿ ನಾಲ್ಕು ತಾಸು ಕೈಕಾಲು ಆಡಿಸುತ್ತ ಉಳಿದರು. ಮೂಡಗಾಳಿ ಬಿಟ್ಟಿತ್ತು.

ಕುದುರೆಗಳು ಹೋದ ಮೇಲೆ ಅಂಬಣ್ಣ ಅಣ್ಣನನ್ನು ತೋಳು ಹಿಡಿದು ನಮ್ಮ ದೊಡ್ಡಿಯ ಕಡೆಗೆ ದಂಡೆ ಹತ್ತಿಸಿದ. ಅಣ್ಣ ತನ್ನ ಕಾಲ ಮೇಲೆಯೇ ನಡೆದು ಬಂದ. ಇದನ್ನು ನಾನು ಕಣ್ಣಾರೆ ಕಂಡೆ. ಅಂಬಣ್ಣ ಹಲ್ಲು ಕಟಕಟ ಕಡಿಯುತ್ತ, ಕೇರುವ ಮರದೊಳಗಿನ ಜೋಳದ ಹಾಗೆ ನಡುಗುತ್ತಿದ್ದ. ಅಣ್ಣ ನಡುಗುತ್ತಿರಲಿಲ್ಲ. ನಾನು ಹೊದಿಸಿದ ಕಂಬಳಿಯನ್ನು ಕಿತ್ತು ಎಸೆದ. "ಸೆಕಿ ಆಗಾಕತ್ತದ," ಎಂದ. ಮಾತು ಎಳೆದೆಳೆದು ಬರುತ್ತಿತ್ತು. ನನ್ನನ್ನು "ದೇವಕಮ್ಮಾಯಿ" ಎಂದು ಕರೆದ. ದೇವಕಮ್ಮ ನಮ್ಮ ಅಜ್ಜಿ, ಸತ್ತು ಹತ್ತು ವರ್ಷವಾಗಿತ್ತು.

ಅವ್ವ ಅವನ ಬಾಯಿ ಮೂಸಿದಳು. ಸೇಂದಿಯ ವಾಸನೆ ಇರಲಿಲ್ಲ.

"ಏನ್ ತಿನಿಸೀಯೋ ನನ್ನ ಮಗಗ?" ಎಂದು ಅಂಬಣ್ಣನನ್ನು ಕೇಳಿದಳು.

"ಪುಟಾಣಿ, ಬೆಲ್ಲ," ಎಂದ ಅಂಬಣ್ಣ. ಹಲ್ಲಿನ ನಡುಕದಲ್ಲಿ ಅಷ್ಟು ಮಾತ್ರ ಹೊರಬಂತು.

ಅಷ್ಟು ಸಾಕಾಯಿತು. ಅವ್ವ ಮದ್ದು ಹಾಕಿದ್ದಾನೆಂದು ಎದೆ ಬಡಿದುಕೊಂಡಳು. ಅಣ್ಣ ಕುಸಿದು ಕೂತ, ಆಮೇಲೆ ಮಲಗಿದ. ಮದ್ದೋ ನೀರೋ, ಹೊಟ್ಟೆಯಲ್ಲಿ ಇದ್ದದ್ದು ಹೊರಗೆ ಬರಬೇಕೆಂದು ಅವ್ವ ಹೇಳಿದಳು. ನಮ್ಮ ಕಡೆ ನೀರು ಕುಡಿದವರನ್ನು ಕುಂಬಾರನ ತಿಗರಿಯ ಮೇಲೆ ಬೋರಲು ಮಲಗಿಸಿ ಗರಗರ ತಿರುಗಿಸುತ್ತಾರೆ. ತಲೆ ಜೋತು ಬಿದ್ದು, ಬಾಯಿಂದ ನೀರು ಬರುತ್ತದೆ. ಹೀಗೆ ಬದುಕಿದವರು ಊರಲ್ಲಿ ಮೂವರಿದ್ದರು. ಕುಂಬಾರ ಅಯ್ಯಣ್ಣನ ಅಂಗಳ ನಮ್ಮ ದೊಡ್ಡಿಯಿಂದ ಕೂಗಳತೆ ದೂರ. ಮೊದಲು ಅಣ್ಣನ ಬಾಯಿಗೆ ಸರಾಯಿ ಹಾಕಿದೆವು. ಕೈಕಾಲು ಜೋರಾಗಿ ತಿಕ್ಕಿದೆವು. ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದೆವು. ಆಮೇಲೆ ನಾಲ್ಕು ಮಂದಿ ಎತ್ತಿ ಒಯ್ದರು.

"ತಿರುಗಿಸಬ್ಯಾಡ್ರಿ," ಎಂದು ಅಂಬಣ್ಣ ತೆವಳಿಕೊಂಡು ಬಂದ. "ಅವ ನೀರ ಕುಡದಿಲ್ರಿ. ಒಂದ್ ಗುಟುಕೂ ಕುಡದಿಲ್ಲ."

ಅವನನ್ನು ಬಡಿಗೆಯಿಂದ ಹೊಡೆದು ಬೇಲಿಯಾಚೆ ಹಾಕಿದರು. ಅಯ್ಯಣ್ಣ ತಿಗರಿ ತಿರುಗಿಸಿದ. ಅಣ್ಣ ಜಾರಬಾರದೆಂದು ಕಾಲು ಹಿಡಿದು ಸುತ್ತ ಓಡಿದವಳು ನಾನು. ಐದನೆಯ ಸುತ್ತಿಗೋ ಆರನೆಯದಕ್ಕೋ ಅಣ್ಣ ಒಂದು ಸಾರಿ ಬಿಕ್ಕಿದ. ಅಷ್ಟೇ. ಬಾಯಿಂದ ಹನಿ ನೀರೂ ಬರಲಿಲ್ಲ.

ಊರವರು ಅಂಬಣ್ಣನ ಬಾಗಿಲಿಗೆ ಜಾಲಿಮುಳ್ಳು ಬಡಿದರು. ಬೆಂಕಿ ನೀರು ಬಂದ್ ಮಾಡಿದರು. ಅವನು ದೋರನಹಳ್ಳಿಗೆ ಹೋಗಿ ಯಾರದೋ ಹೊಲದಲ್ಲಿ ಜೀತಕ್ಕಿದ್ದಾನೆಂದು ಸುದ್ದಿ ಬಂತು. ನಾನು ಕಾಯುತ್ತ ಕೂತೆ. ಕಾಯುವುದು ನನಗೆ ಬರುತ್ತದೆ. ಕುರಿ ಈಯುವುದನ್ನು ಕಾಯುವವರಿಗೆ ಅದೊಂದು ಕೆಲಸವೇ ಅಲ್ಲ. ಒಂದಲ್ಲ ಒಂದು ದಿನ ಅವನು ತನ್ನ ಮನೆಗಾಗಿ ಬಂದೇ ಬರುತ್ತಾನೆ, ಆಗ ನೋಡಿಕೊಳ್ಳೋಣ ಎಂದುಕೊಂಡಿದ್ದೆ.

ಚಾವಡಿ ತುಂಬಿತ್ತು. ಅಂಬಣ್ಣ ಕಂಬಕ್ಕೆ ಒರಗದೆ ನಡುವೆ ನಿಂತಿದ್ದ. ಮೊದಲು ಗುಂಡಗೆ, ಮೈಕೈ ತುಂಬಿಕೊಂಡು, ಹೊಟ್ಟೆ ಮುಂದಿದ್ದ ಮನುಷ್ಯ. ಈಗ ಪಕ್ಕೆಲುಬು ಎಣಿಸಬಹುದಿತ್ತು. ನನಗೆ ಅದನ್ನು ನೋಡಿ ಖುಷಿಯೇ ಆಯಿತು.

"ನನ್ನ ಮನಿ ನನಗ ಬೇಕ್ರಿ ಗೌಡ್ರ," ಎಂದ ಸಂಗಣ್ಣನಿಗೆ. "ಮದ್ದು ಹಾಕ್ಯಾನ ಅನ್ನೂ ಹೆಸರೂ ಹೋಗಬೇಕು. ಎರಡಕ್ಕ ಬಂದೀನಿ."

"ಹೆಸರು ಹ್ಯಾಂಗ ಹೋಗ್ತದಲೇ?" ಎಂದ ಸಂಗಣ್ಣ. "ಒಂದ ನೀರಿಗಿ ಇಬ್ರೂ ಇಳದ್ರಿ. ಒಬ್ಬ ಸತ್ತ. ನೀ ಗುಂಡುಕಲ್ಲ ಇದ್ದಂಗ ಉಳದಿ."

"ನಾ ಗುಂಡುಕಲ್ಲ ಇದ್ದೆ, ಅದಕ್ಕ ಉಳದೆ. ಅವ ಕಡ್ಡಿ ಇದ್ದ. ನಾ ಹೊಟ್ಟಿ ತುಂಬ ಉಂಡು ಇಳದಿದ್ದೆ. ಅವ ಒಪ್ಪತ್ತು ಅಂತ ಹಿಂದಿನ ದಿನದಿಂದ ಏನೂ ಮುಟ್ಟಿರ್ಲಿಲ್ಲ. ಪುಟಾಣಿ ಕೊಟ್ಟೆ, ಬ್ಯಾಡ ಅಂದ. ಆ ಪುಟಾಣಿ ನಾನ ತಿಂದೆ. ಗೌಡ್ರ, ನೀವು ಕುರಿ ಸಾಕಿದವ್ರು. ಮೈಯಾನ ಉಣ್ಣಿ ಕೂದಲ ಕತ್ತರಿಸಿದ ಕುರಿ ಅಡ್ಡಮಳಿಗಿ ಸಿಕ್ಕರ ಏನಾಗ್ತದ?"

"ಸಾಯ್ತದ."

"ಉಣ್ಣಿ ಇದ್ದದ್ದು?"

"ಮೈ ಝಾಡಿಸಿ ಮೇಯಾಕ ಹೋಗ್ತದ. ಆದ್ರ ಕುರಿ ಬ್ಯಾರೆ, ಮನಷಾ ಬ್ಯಾರೆಪಾ. ಈ ಸೀಮ್ಯಾಗ ಬಿಸಲಿಗಿ ಸತ್ತೋರ ಹೆಣ ನಾನ ಹೊತ್ತೀನಿ. ಥಂಡಿಗಿ ಸತ್ತೋರನ್ನ ನಮ್ಮಪ್ಪನೂ ಕಂಡಿಲ್ಲ."

ಜನ ನಕ್ಕರು. ಹಿಂದಿನಿಂದ ಯಾರೋ, "ವಿಲಾಯಿತಿಗಿ ಹೋಗಿ ಬಂದಾನೇನ ಇವ?" ಎಂದರು.

ಆಗ ಚಮನಬೀ ಎದ್ದು ನಿಂತಳು. ಸುರಪುರದ ದವಾಖಾನೆಯಲ್ಲಿ ಹೆರಿಗೆ ಮಾಡಿಸುವ ದಾಯಿ, ನಮ್ಮೂರವಳೇ. ಆ ಚಾವಡಿಯಲ್ಲಿ ಕೂತಿದ್ದ ಅರ್ಧ ಜನರನ್ನು ಭೂಮಿಗೆ ಇಳಿಸಿಕೊಂಡವಳು. ಆದರೂ ಫೌಜು ಬಂದ ವಾರ ಅವಳ ಮನೆಯ ಬಾಗಿಲು ಮುರಿದವರೂ ಅವರೊಳಗೇ ಇದ್ದರು.

"ಅವ ಖರೇನ ಹೇಳಾಕತ್ತಾನ," ಎಂದಳು. "ಫೌಜಿನ ಡಾಕ್ಟರು ಸುರಪುರದಾಗ ಡೇರೆ ಹಾಕಿದ್ದಾಗ ನಾ ಕೇಳೀನಿ. ನೀರಿನ ಥಂಡಿ ಗಾಳಿ ಥಂಡಿಗಿಂತ ಕೆಟ್ಟದ್ದು. ಮೈ ಒಳಗಿನ ಬಿಸಿ ಹೀರಿಬಿಡ್ತದ. ಮೊದ್ಲು ನಡುಗ್ತಾರ. ನಡುಕ ನಿಂತ್ರ ಆಗ ಅಂಜಬೇಕು. ಅಷ್ಟು ಥಂಡಿ ಹಿಡದವರ ಎದಿ ಗಾಜಿನ ಬಳಿ ಇದ್ದಂಗ. ಅಲುಗಾಡಿಸಿದ್ರ ಒಡೀತದ. ತಿಕ್ಕಬಾರದು, ಸರಾಯಿ ಕುಡಿಸಬಾರದು, ಬೆಂಕಿ ಮುಂದ ಕೂಡಿಸಬಾರದು. ನೀವು ಆ ಹುಡುಗನ್ನ ತಿಗರಿ ಮ್ಯಾಲ..."

"ಬಾಯಿ ಮುಚ್ಚು!" ಎಂದಳು ಅವ್ವ. ನನ್ನ ಅವ್ವ ಮಲಕಮ್ಮ ಆವರೆಗೆ ಮಾತಾಡಿರಲಿಲ್ಲ. "ನನ್ನ ಮಗನ್ನ ನಾ ಕೊಂದೆ ಅಂತೀಯೇನ? ನಿಮ್ಮ ರಜಾಕಾರ್ರು ಕಟ್ಟಿ ಮ್ಯಾಲ ಕುಂತಿದ್ದಕ್ಕ ಅವ ನೀರಿಗಿ ಇಳದ."

"ನಮ್ಮ ರಜಾಕಾರ್ರಲ್ಲ ಮಲಕಮ್ಮ," ಎಂದಳು ಚಮನಬೀ. ಆದರೆ ಅದನ್ನು ಕೇಳುವವರು ಇರಲಿಲ್ಲ. ಅವಳನ್ನು ಸೆರಗು ಹಿಡಿದು ಕೂಡಿಸಿದರು.

ನನ್ನ ಒಳಗೆ ಎರಡು ವರ್ಷದಿಂದ ಹುದುಗಿಟ್ಟದ್ದು ಆಗ ಹೊರಗೆ ಬಂತು. ನಾನು ಎದ್ದು ಅಂಬಣ್ಣನ ಎದುರಿಗೆ ನಿಂತೆ.

"ಥಂಡಿ ಕೊಂದದ ಅಂತೀಯಲ್ಲ? ತೋರ್ಸು. ಅದ ನೀರು, ಅಷ್ಟ ಹೊತ್ತು. ನಸುಕಿನ್ಯಾಗ ಇಳಿ. ಕಟ್ಟಿಯಿಂದ ಆಚಿ ದಂಡಿಗಿ ಹೋಗಿ ಬರೂದು, ಮೂರು ಸಲ. ಹೊತ್ತು ಮಾರುದ್ದ ಏರೂತನಕ ನೆಲಕ್ಕ ಕಾಲು ಹಚ್ಚಬಾರದು. ನಡ್ಕೊಂಡು ದಂಡಿಗಿ ಬಂದು, ಮದ್ದು ಹಾಕಿಲ್ಲ ಅಂತ ಹೇಳು. ಮನಿ ತಗೋ. ಮುಳುಗಿದಿ ಅಂದ್ರ ನೀನ ಕೊಂದದ್ದು."

ನೀರಿನಲ್ಲಿ ನಿಂತು ಆಣೆ ಮಾಡಿಸುವುದು ನಮ್ಮಲ್ಲಿ ಹಳೆಯ ಪದ್ಧತಿ. ಆದರೆ ಮೊಣಕಾಲು ಮಟ ನಿಂತು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ನಾನು ಕೇಳಿದ್ದು ಬೇರೆ. ಚಾವಡಿಗೆ ಅದು ಹಿಡಿಸಿತು. ನ್ಯಾಯದಂತೆಯೂ ಇತ್ತು, ತಮಾಷೆಯಂತೆಯೂ ಇತ್ತು.

"ಬ್ಯಾಡ," ಎಂದಳು ಚಮನಬೀ ಅಂಬಣ್ಣನಿಗೆ. "ಈಗ ನೀನ ಕತ್ತರಿಸಿದ ಕುರಿ ಆಗೀದಿ."

ಅಂಬಣ್ಣ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅವನ ನೋಟದಲ್ಲೂ ಕರುಣೆ ಇರಲಿಲ್ಲ.

"ಇಳೀತೀನಿ. ನೀ ದಂಡಿ ಮ್ಯಾಲ ಇರಬೇಕು ದುರಗಮ್ಮ. ಮುಂದಿನ ಸಾಲಿನ್ಯಾಗ ಇರಬೇಕು. ನಾ ಹ್ಯಾಂಗ ಆಗ್ತೀನಿ ಅನ್ನೂದನ್ನ ಕಣ್ಣ ಬಿಟ್ಟು ನೋಡಬೇಕು."

ಸಂಕ್ರಾಂತಿಗೆ ಎರಡು ದಿನ ಇತ್ತು. ನಸುಕಿಗೆ ಕೆರೆಯ ಮೇಲೆ ಮಂಜು ಹೊಗೆಯ ಹಾಗೆ ಎದ್ದಿತ್ತು. ಕಂಬಳಿ ಹೊದ್ದು, ಬೀಡಿ ಹಚ್ಚಿ, ಊರೇ ಕಟ್ಟೆಯ ಮೇಲೆ ಕೂತಿತ್ತು. ಜೊಂಡಿನಲ್ಲಿ ಕೊಕ್ಕರೆಗಳು ಒಂದೇ ಕಾಲಲ್ಲಿ ನಿಂತಿದ್ದವು. ನಾನು ಮುಂದಿನ ಸಾಲಿನಲ್ಲಿದ್ದೆ. ಅವ್ವ ನನ್ನ ಪಕ್ಕದಲ್ಲಿ.

ಅಂಬಣ್ಣ ಲಂಗೋಟಿ ಬಿಗಿದು, ಬುರುಡೆ ಕಟ್ಟಿಕೊಂಡು ಇಳಿದ. ಒಮ್ಮೆಲೇ ಧುಮುಕಲಿಲ್ಲ. ಎದೆ ಮಟ ಹೋಗಿ ನಿಂತ. ಬಾಯಿ ತೆರೆದು, ಏದುಸಿರು ಬಿಡುತ್ತ, ಕುತ್ತಿಗೆಗೆ ಮುಖಕ್ಕೆ ನೀರು ಎರಚಿಕೊಂಡ. ಉಸಿರು ಅವನ ಹಿಡಿತಕ್ಕೆ ಬರುತ್ತಿರಲಿಲ್ಲ.

"ಈಗ್ಲೇ ಹೆದರ್ಯಾನ ನೋಡ್ರೋ," ಎಂದು ಯಾರೋ ಕೂಗಿದರು.

"ಸುಮ್ನಿರು," ಎಂದಳು ಚಮನಬೀ. "ಥಂಡಿ ನೀರಿಗಿ ಮೊದ್ಲು ಉಸರು ಹಾರ್ತದ. ಆಗ ತಲಿ ಮುಳುಗಿದ್ರ ನೀರ ಎಳಕೊಂತಾರ. ಅದು ತಿಳದಾವ ಅವ."

ಉಸಿರು ಒಂದು ಲಯಕ್ಕೆ ಬಂದ ಮೇಲೆ ಅವನು ಹೊರಟ. ಮೊದಲ ಸಲ ಹೋಗಿ ಬಂದದ್ದು ಚೆಂದವಿತ್ತು, ಆ ವಿಷಯದಲ್ಲಿ ಸುಳ್ಳು ಹೇಳಬಾರದು. ಕೈ ಎತ್ತಿದರೆ ನೀರು ಸೀಳುತ್ತಿತ್ತು. ಆಗ ನನಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಸಂಗಣ್ಣನ ಜೇಬಿನ ಗಡಿಯಾರದಲ್ಲಿ ಒಂದು ತಾಸಿನ ಮೇಲೆ ಸ್ವಲ್ಪ ಆಗಿತ್ತೆಂದು ಹೇಳಿದರು. ಹತ್ತಿರ ಬಂದಾಗ ಅವನು ನಡುಗುತ್ತಿದ್ದುದು ಕಂಡಿತು. ತುಟಿ ನೇರಳೆಯಾಗಿತ್ತು. ಕಾಲು ಊರದೆ ತಿರುಗಿದ.

ಎರಡನೆಯ ಸಲ ಈಚೆ ದಂಡೆಯ ಹತ್ತಿರ ಬರುವಾಗ ಅವನ ಬೆರಳುಗಳು ಅಗಲವಾಗಿ ಬಿಚ್ಚಿಕೊಂಡಿದ್ದವು. ಕೂಡಿಸಲು ಆಗುತ್ತಿರಲಿಲ್ಲವೇನೋ, ಬಾಚಣಿಗೆಯಲ್ಲಿ ನೀರು ಎಳೆದ ಹಾಗೆ ಕೈ ಬೀಸುತ್ತಿದ್ದ. ಕಾಲು ಕೆಳಗೆ ಇಳಿಯುತ್ತ ಬಂದು ಮೈ ನಿಂತ ಹಾಗೆ ಆಗುತ್ತಿತ್ತು. ಬುರುಡೆ ಇಲ್ಲದಿದ್ದರೆ ಅಲ್ಲೇ ಹೋಗುತ್ತಿದ್ದ. ಮೂಡಗಾಳಿ ಬೀಸತೊಡಗಿ ಸಣ್ಣ ತೆರೆಗಳು ಅವನ ಮುಖಕ್ಕೆ ಹೊಡೆಯುತ್ತಿದ್ದವು. ನಾನು ಎಣಿಸುತ್ತಿದ್ದೆ. ಹತ್ತು ಸಲ ಕೈ ಬೀಸಿದರೆ ಎಷ್ಟು ಮುಂದೆ ಬರುತ್ತಾನೆ, ಎಷ್ಟು ಬರುವುದಿಲ್ಲ ಎಂದು. ಮನಸ್ಸಿನಲ್ಲಿ ಮುಳುಗು, ಮುಳುಗು ಎನ್ನುತ್ತಿದ್ದೆ.

ಮೂರನೆಯ ಸಲ ಅವನು ಆಚೆ ದಂಡೆಗೆ ಹೋಗಲೇ ಇಲ್ಲ. ನಡುಗೆರೆಯಲ್ಲಿ ದಿಕ್ಕು ತಪ್ಪಿ ಜೊಂಡಿನ ಕಡೆ ಹೋದ. ಅಲ್ಲೇ ಒಂದು ಸುತ್ತು ಹೊಡೆದು, ಈಚೆಗೆ ತಿರುಗಿದ. ಜನರ ಕೂಗಾಟ ನಿಂತುಹೋಗಿತ್ತು. ಹೊತ್ತು ಮಾರುದ್ದ ಏರಿತ್ತು. ಸಂಗಣ್ಣ, "ಸಾಕು, ಬಾ," ಎಂದು ಕೈ ಬೀಸಿದ.

ಅಂಬಣ್ಣ ನಡೆದುಕೊಂಡೇ ದಂಡೆಗೆ ಬಂದ. ನಾನು ನಾಲ್ಕು ಮಾರು ದೂರದಲ್ಲಿ ನಿಂತಿದ್ದೆ. ಅವನು ನಡುಗುತ್ತಿರಲಿಲ್ಲ.

ಯಾರೋ ಕಂಬಳಿ ಹೊದಿಸಿದರು. ಅದನ್ನು ಕಿತ್ತು ಎಸೆದ. "ಸೆಕಿ," ಎಂದ. ಲಂಗೋಟಿಯ ಗಂಟಿಗೆ ಕೈ ಹಾಕಿದ, ಬೆರಳು ಹಿಡಿಯಲಿಲ್ಲ. ನಾಲಿಗೆ ಬಾಯಲ್ಲಿ ದಪ್ಪಗಾದವರ ಹಾಗೆ ಎಳೆದು ಮಾತಾಡಿದ. ಆದರೆ ಅದು ಯಾರ ಜೊತೆ ಎನ್ನುವುದು ನನಗೆ ತಕ್ಷಣ ತಿಳಿಯಿತು.

"ಬಸ್ಯಾ, ನನ್ನ ಬುರುಡಿನೂ ನೀ ಕಟ್ಕೋಳೋ. ಕೈ ಬಿಡಬ್ಯಾಡ. ಕುದರಿ ಹೋಗ್ತಾವ ಈಗ. ಮಲಗಬ್ಯಾಡ ಬಸ್ಯಾ, ನಿಮ್ಮವ್ವಗ ನಾ ಏನಂತ ಹೇಳ್ಲಿ..."

ಮದ್ದು ಹಾಕಿಲ್ಲ ಎಂಬ ಮಾತನ್ನು ಅವನು ಹೇಳಲಿಲ್ಲ. ಅದು ಅವನಿಗೆ ನೆನಪೇ ಇರಲಿಲ್ಲ. ಕುಸಿದು ಕೂತ, ಆಮೇಲೆ ಪಕ್ಕಕ್ಕೆ ಬಿದ್ದ.

ಇವನಿಗೆ ಆ ಬೆಳಿಗ್ಗೆ ಯಾರೂ ಏನೂ ತಿನಿಸಿರಲಿಲ್ಲ. ಹಿಂದಿನ ಸಂಜೆಯಿಂದ ನಮ್ಮವರೇ ಕಾವಲಿದ್ದರು.

ಸಂಗಣ್ಣನಿಗೆ ಬೆವರು ಬಂತು. "ಹೆಣಾ ಬಿದ್ರ ಸುರಪುರದಿಂದ ಪೊಲೀಸ್ರು ಬರ್ತಾರ. ಮೊದ್ಲಿನ ಸರಕಾರ ಅಲ್ಲ ಇದು. ನೀರ ಕುಡದಾನ, ಎತ್ರೋ. ತಿಗರಿಗಿ ಒಯ್ರಿ. ಅಯ್ಯಣ್ಣಾ, ನಡಿ ಜಲ್ದಿ."

"ನೀರ ಕುಡದಿಲ್ಲ!" ಚಮನಬೀ ಅಡ್ಡ ಬಂದಳು. "ಅಂಗಾತ ಇಡ್ರಿ. ಅಲುಗಾಡಿಸಬ್ಯಾಡ್ರಿ. ಅಲ್ಲಾನ ಆಣಿ..."

ಅವಳನ್ನು ಬದಿಗೆ ತಳ್ಳಿದರು. ಕಂಬಳಿಯ ನಾಲ್ಕು ತುದಿ ಹಿಡಿದು ಅಂಬಣ್ಣನನ್ನು ಎತ್ತಿದರು. ಅವರಲ್ಲಿ ಯಾರಿಗೂ ಅವನನ್ನು ಕೊಲ್ಲುವ ಮನಸ್ಸಿರಲಿಲ್ಲ. ಉಳಿಸಲಿಕ್ಕೇ ಓಡುತ್ತಿದ್ದರು. ತಿಗರಿಯೇ ಅವನನ್ನು ಕೊಲ್ಲುತ್ತದೆಂದು ತಿಳಿದವರು ಅಲ್ಲಿ ಮೂರೇ ಮಂದಿ. ಚಮನಬೀ, ನಾನು, ಮತ್ತೆ ನನ್ನ ಮೊಣಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಅವ್ವ.

ಅವ್ವನಿಗೂ ತಿಳಿದಿದೆ ಎಂದು ನನಗೆ ಹೇಗೆ ಗೊತ್ತಾಯಿತೆಂದರೆ, ಅವಳ ಮುಖ ನೋಡಿದೆ. ಮಗನ ಸಾವನ್ನು ಎರಡನೆಯ ಸಲ ನೋಡಿದವಳ ಮುಖ ಅದು. ಆದರೂ ಅವಳು ನನ್ನ ಕಿವಿಗೆ ಬಾಯಿ ತಂದು ಹೇಳಿದಳು.

"ಒಯ್ಲಿ ಬಿಡು. ತಿರುಗಿಸ್ಲಿ."

ಸುಮ್ಮನೆ ನಿಂತರೆ ಸಾಕಿತ್ತು. ಕಲ್ಲು ಎಸೆಯುವುದೂ ಬೇಕಿರಲಿಲ್ಲ. ಅಯ್ಯಣ್ಣ ನಾಲ್ಕು ಸುತ್ತು ತಿರುಗಿಸಿದರೆ ಅಂಬಣ್ಣ ಹೋಗುತ್ತಿದ್ದ. ಅವನ ಜೊತೆ ಅವನು ಹೇಳಿದ್ದೆಲ್ಲ ಹೋಗುತ್ತಿತ್ತು. ಅಣ್ಣನನ್ನು ಕೊಂದವನು ಅಂಬಣ್ಣ ಎಂದು ನಾನು ಮುದುಕಿಯಾಗುವ ತನಕ ಹೇಳಿಕೊಂಡು ತಿರುಗಬಹುದಿತ್ತು. ತಿಗರಿ ತಡೆದು ಅವನನ್ನು ಉಳಿಸಿದರೋ, ಅಣ್ಣನ ಕಾಲು ಹಿಡಿದು ತಿಗರಿಯ ಸುತ್ತ ಓಡಿದ ಈ ಎರಡು ಕೈಗಳಿಗೆ ಬೇರೆ ಹೆಸರು ಬರುತ್ತಿತ್ತು. ನಾನು ಅವನನ್ನು ಆಗಲೂ ದ್ವೇಷಿಸುತ್ತಿದ್ದೆ. ನನ್ನನ್ನು ಇಂಥ ಜಾಗಕ್ಕೆ ತಂದು ನಿಲ್ಲಿಸಿದ್ದಕ್ಕೆ ಇನ್ನೂ ಹೆಚ್ಚು ದ್ವೇಷಿಸಿದೆ.

ಅವ್ವನ ಕೈ ಕೊಸರಿಕೊಂಡು ಓಡಿದೆ. ಕಂಬಳಿ ಹೊತ್ತವರಿಗಿಂತ ಮೊದಲು ಕುಂಬಾರನ ಅಂಗಳ ಮುಟ್ಟಿ, ತಿಗರಿಯ ನಡುವೆ ಹತ್ತಿ ಕೂತುಬಿಟ್ಟೆ. ಹಸಿ ಮಣ್ಣು ಸೀರೆಗೆ ಅಂಟಿಕೊಂಡಿತು.

"ಏ ಹುಚ್ಚಿ, ಇಳಿ ಕೆಳಗ!" ಎಂದ ಸಂಗಣ್ಣ ಏದುಸಿರು ಬಿಡುತ್ತ. "ನೀರಿಗಿ ಇಳಿಸಿದಾಕಿನೂ ನೀನ, ಈಗ ಸಾಯ್ಲಿ ಅಂತ ಕುಂತಾಕಿನೂ ನೀನ. ನಿನಗ ಎಷ್ಟು ಸೇಡು ಅದ?"

"ಸಾಯಬಾರದು ಅಂತ ಕುಂತೀನಿ."

"ಹಂಗಾರ ಇಳಿ!"

"ಇಳಿಯಂಗಿಲ್ಲ. ಅವನ್ನ ಅಲ್ಲೇ ಮಲಗಸ್ರಿ. ಮೆಲ್ಲಕ. ಚಮನಬೀ ಆಯಿ ಏನ್ ಹೇಳ್ತಾಳ ಅಷ್ಟ ಮಾಡ್ರಿ."

ಅಯ್ಯಣ್ಣ ನನ್ನ ತೋಳು ಹಿಡಿದು ಎಳೆದ. ನಾನು ಅವನ ಮುಂಗೈ ಕಚ್ಚಿದೆ. ಅಷ್ಟರಲ್ಲಿ ಅವ್ವ ಬಂದಳು. ಅವಳು ಕೂಗಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು.

"ಅಲ್ಲೇ ಕುಂತು ಹೇಳು," ಎಂದಳು. "ಇವಗ ತಿಗರಿ ಬ್ಯಾಡ ಅಂದ್ರ, ನನ್ನ ಬಸವಂತಗ ಯಾಕ ಬೇಕಾಗಿತ್ತು? ಹೇಳು. ನಿಮ್ಮಣ್ಣನ್ನ ಯಾರು ಕೊಂದ್ರು?"

"ನಾವ," ಎಂದೆ.

ಅವ್ವ ನನ್ನ ಮುಖಕ್ಕೆ ಉಗುಳಿದಳು. ನಾನು ಒರೆಸಿಕೊಳ್ಳಲಿಲ್ಲ, ತಿಗರಿಯಿಂದ ಇಳಿಯಲೂ ಇಲ್ಲ. ಹೊತ್ತವರು ಅಂಬಣ್ಣನನ್ನು ನೆಲಕ್ಕೆ ಇಟ್ಟರು. ನನ್ನ ಮಾತಿಗೆ ಒಪ್ಪಿ ಅಲ್ಲ. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ, ಅದಕ್ಕೆ.

ಚಮನಬೀ ಕೆಲಸ ಹಿಡಿದಳು. ಒದ್ದೆ ಲಂಗೋಟಿಯನ್ನು ಬಿಚ್ಚದೆ ಕತ್ತರಿಸಿ ತೆಗೆದಳು, ಅವನ ಮೈ ಹೊರಳಿಸಬಾರದೆಂದು. ಒಣ ಕಂಬಳಿ ಕೆಳಗೊಂದು, ಮೇಲೆ ಮೂರು. ತಲೆಗೆ ರುಮಾಲು. ಕೈಕಾಲು ತಿಕ್ಕಲು ಬಂದವರನ್ನು ಗದರಿದಳು. ಸರಾಯಿ ತಂದವನ ಬಾಟಲಿಯನ್ನು ಬೇಲಿಗೆ ಎಸೆದಳು. ಬೆಂಕಿ ಮಾಡುತ್ತೇನೆಂದ ಅಯ್ಯಣ್ಣನಿಗೆ, "ದೂರ ಮಾಡು, ನೀನ ಕಾಸ್ಕೋ," ಎಂದಳು. ಮೈಯ ಬಿಸಿ ಬೇಕು, ಒಬ್ಬರು ಕಂಬಳಿಯೊಳಗೆ ಒತ್ತಿಕೊಂಡು ಮಲಗಬೇಕು ಎಂದಾಗ ಯಾರೂ ಮುಂದೆ ಬರಲಿಲ್ಲ. ಬಹಿಷ್ಕಾರ ಹಾಕಿದವನ ಜೊತೆ ಮಲಗುವವರು ಯಾರು? ಕೊನೆಗೆ ಸಂಗಣ್ಣನೇ, ಪೊಲೀಸರ ಹೆದರಿಕೆಗೆ, ಅಂಗಿ ಕಳೆದು ಒಳಗೆ ಸೇರಿದ.

"ಹೆಣದಂಗ ಅದಾನ," ಎಂದ ಒಳಗಿನಿಂದ. "ಹಾವಿನ ಮೈ ಇದ್ದಂಗ ಅದ."

"ಬಾಯಿ ಮುಚ್ಚಿ ಮಲಗ್ರಿ ಗೌಡ್ರ," ಎಂದಳು ಚಮನಬೀ.

ಹೊತ್ತು ನೆತ್ತಿಗೆ ಬರುವಾಗ ಅಂಬಣ್ಣ ನಡುಗತೊಡಗಿದ. ಕಂಬಳಿಗಳು ಕದಲುವಷ್ಟು ನಡುಗಿದ. ಚಮನಬೀ ಅಲ್ಲೇ ನೆಲಕ್ಕೆ ಕೂತು ಮುಖ ಮುಚ್ಚಿಕೊಂಡಳು. ನಡುಕ ತಿರುಗಿ ಬಂದದ್ದೇ ಒಳ್ಳೆಯ ಸುದ್ದಿ ಎಂದಳು. ಆಮೇಲೆ ಉಗುರುಬೆಚ್ಚಗಿನ ಅಂಬಲಿಗೆ ಬೆಲ್ಲ ಹಾಕಿ, ಅವನು ತಾನೇ ನುಂಗಬಲ್ಲ ಎಂದು ನೋಡಿಕೊಂಡು, ಗುಟುಕು ಗುಟುಕಾಗಿ ಕೊಟ್ಟಳು.

ಎಂಟು ದಿನ ಅವನು ಅವಳ ಮನೆಯ ಪಡಸಾಲೆಯಲ್ಲಿ ಬಿದ್ದುಕೊಂಡಿದ್ದ. ಮೊದಮೊದಲು ಪಾದಗಳಿಗೆ ಸ್ಪರ್ಶ ಬರಲಿಲ್ಲ. ಬಂದಾಗ ಸೂಜಿ ಚುಚ್ಚಿದ ಹಾಗೆ ಉರಿಯುತ್ತಿತ್ತಂತೆ. ನಾನು ನೋಡಲು ಹೋಗಲಿಲ್ಲ. ಅವ್ವ ನನಗೆ ಅಡುಗೆಮನೆಯ ಬಾಗಿಲು ಹಾಕಿದ್ದಳು. ದೊಡ್ಡಿಯಲ್ಲಿ ಒಲೆ ಹೂಡಿಕೊಂಡು ನಾನೊಬ್ಬಳೇ ರೊಟ್ಟಿ ಬಡಿದುಕೊಳ್ಳುತ್ತಿದ್ದೆ.

ಒಂಬತ್ತನೆಯ ದಿನ ಅವನು ಕೋಲು ಊರಿಕೊಂಡು ದೊಡ್ಡಿಯ ಬೇಲಿಗೆ ಬಂದು ನಿಂತ. ಉಪಕಾರ ನೆನೆಯಲು ಬಂದಿರಬಹುದೆಂದು ನಾನು ತಲೆ ಎತ್ತಲಿಲ್ಲ.

"ತಿಗರಿ ಮ್ಯಾಲ ಕುಂತು ಹೇಳಿದ್ದು ಹತ್ತು ಮಂದಿ ಕೇಳ್ಯಾರ," ಎಂದ. "ಚಾವಡ್ಯಾಗ ಹೇಳು. ಎರಡು ವರ್ಷ ಊರೆಲ್ಲ ನನ್ನ ಹೆಸರಿಗಿ ಉಗುಳ್ಯಾರ. ಊರೆಲ್ಲ ಕೇಳ್ಲಿ."

"ನಿನ್ನ ಜೀವಾ ಉಳಿಸೀನಿ. ಅದು ಸಾಲಂಗಿಲ್ಲೇನ?"

"ನನ್ನ ಜೀವಾ ತೆಗಿಯಾಕ ಇಳಿಸಿದಾಕಿ ನೀನ. ಅದು ಅದಕ್ಕ ಸರಿ ಹೋತು. ಇದು ಬ್ಯಾರೆ."

ಹೌದು, ಅದು ಬೇರೆಯೇ ಆಗಿತ್ತು. ಅದೇ ಸಂಜೆ, ಇನ್ನೂ ಬೆಳಕಿರುವಾಗ, ಚಾವಡಿಗೆ ಹೋದೆ. ಅವ್ವನನ್ನು ಕರೆಯಲಿಲ್ಲ, ಅವಳಾಗಿಯೇ ಬಂದು ಹೆಂಗಸರ ಬದಿಯಲ್ಲಿ ಕೂತಳು. ನಾನು ಎದ್ದು ನಿಂತು ಹೇಳಿದೆ. ಅಂಬಣ್ಣ ಮದ್ದು ಹಾಕಿರಲಿಲ್ಲ. ಅಣ್ಣ ದಂಡೆಗೆ ಬಂದಾಗ ಜೀವ ಇತ್ತು. ನಾವು ಸರಾಯಿ ಕುಡಿಸಿದೆವು, ತಿಕ್ಕಿದೆವು, ತಿಗರಿಯ ಮೇಲೆ ತಿರುಗಿಸಿದೆವು. ಕಾಲು ಹಿಡಿದವಳು ನಾನು. ಸುಮ್ಮನೆ ಮುಚ್ಚಿ ಮಲಗಿಸಿದ್ದರೆ ಬದುಕುತ್ತಿದ್ದನೋ ಏನೋ.

ಕುಂಬಾರ ಅಯ್ಯಣ್ಣ ನಾನು ಕಚ್ಚಿದ್ದ ತನ್ನ ಕೈಯನ್ನು ನೋಡಿಕೊಳ್ಳುತ್ತ, "ತಿರುಗಿಸಿದಾವ ನಾ," ಎಂದ, ತನಗೆ ತಾನೇ ಹೇಳಿಕೊಂಡ ಹಾಗೆ.

ಅವ್ವ ಎದ್ದಳು. ಕಂಬ ಹಿಡಿದುಕೊಂಡು, ಅಂಬಣ್ಣನ ಕಡೆ ತಿರುಗಿದಳು.

"ತಿರುಗಸ್ರಿ ಅಂತ ಹೇಳಿದಾಕಿ ನಾ," ಎಂದಳು. "ಆದ್ರೂ ನಿನ್ನ ಕ್ಷಮಾ ಮಾಡಂಗಿಲ್ಲ. ಇಬ್ರು ಇಳದ್ರಿ. ನೀ ಎರಡು ಸಲ ಇಳದಿ, ಎರಡು ಸಲ ಬಂದಿ."

"ಬಂದೀನಿ ಮಲಕಮ್ಮ," ಎಂದ ಅಂಬಣ್ಣ. "ಏನ ಮಾಡ್ಲಿ? ಬಂದೀನಿ."

ಅವನು ಕೋಲು ಊರಿಕೊಂಡು ತನ್ನ ಮನೆಯ ಕಡೆ ಹೋದ. ಬಾಗಿಲಿನ ಜಾಲಿಮುಳ್ಳು ತೆಗೆಯಲು ಯಾರೂ ಜೊತೆಗೆ ಹೋಗಲಿಲ್ಲ, ಯಾರೂ ತಡೆಯಲೂ ಇಲ್ಲ. ಒಣಗಿದ ಮುಳ್ಳನ್ನು ಒಂದೊಂದನ್ನೇ ಕಿತ್ತು ಬೀದಿಗೆ ಎಸೆಯುತ್ತಿರುವ ಸದ್ದು ಚಾವಡಿಯ ತನಕ ಕೇಳುತ್ತಿತ್ತು. ಅವ್ವ ನನ್ನನ್ನು ದಾಟಿ ಮುಂದೆ ನಡೆದಳು. ನಾನು ಅವಳ ಹಿಂದೆ, ಹತ್ತು ಹೆಜ್ಜೆ ಬಿಟ್ಟು, ಮನೆಗೆ ಹೋದೆ.